ಬಳೆ ಸದ್ದಿನ ಅವ್ವನಿಗೆ

ಎರಡು ಸಾವಿರದ ನೂರ ತೊಂಬತ್ತೊಂದನೇ ಇಸವಿ, ಹದಿಮೂರನೇ ತಿಂಗಳು, ಒಂಬತ್ತನೇ ದಿನ.

ಅವ್ವ,

ಹದಿಮೂರನೇ ತಿಂಗಳು ಎಂದೆನೆಂದು ಬೆಚ್ಚಬೇಡ. ನಮ್ಮ ಕಾಲದ ಬಿಸಿಲಿಗೆ ಯಾರೂ ತಲೆ ಹೊರಗೆ ಹಾಕುವಂತಿಲ್ಲ. ಅದಕ್ಕೇ ಸರ್ಕಾರದವರು ಪ್ರತಿ ತಿಂಗಳಿಂದ ಎರಡೆರಡು ದಿನ ಕಿತ್ತು, ಬೇಸಿಗೆಯ ನಡುವೆ, ಜನ ಒಳಗೇ ಇರಲೆಂದು, ಒಂದು ಹೊಸ ತಿಂಗಳು ಕೂರಿಸಿದ್ದಾರೆ. ಅದರ ಹೆಸರು ಕಾವುಮಾಸ. ನಡುವೆ ಬಂದರೂ ಅದು ಹದಿಮೂರನೆಯದೇ, ಸರ್ಕಾರದವರ ಎಣಿಕೆ ನಿಮ್ಮ ಕಾಲದಲ್ಲಿ ಹೇಗಿತ್ತೋ ಈಗಲೂ ಹಾಗೇ ಇದೆ. ನಾನು ಎರಡನೇ ಕ್ಲಾಸು ದಾಟಿದವಳಲ್ಲ. ನನ್ನ ಮಾತುಗಳು ನಿನಗೆ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸು, ಗೊತ್ತಾಗದ ಕಡೆ ನಿಂತು ಹೇಳುತ್ತೇನೆ.

ನೀನು ಯಾರೆಂದು ನನಗೆ ಗೊತ್ತು, ಆದರೆ ನಿನ್ನ ಹೆಸರು ಗೊತ್ತಿಲ್ಲ. ಬಿದರಹುಂಡಿಯ ಸುಚಿತ್ರ ನನ್ನ ಅಜ್ಜಿಯ ಅಜ್ಜಿ. ಅವಳನ್ನು ಹೆತ್ತವಳು ನೀನು. ನಗಬೇಡ, ಸುಚಿತ್ರ ಎಂದರೆ ನಮಗೆ ಹಳೇ ಮುದುಕಿಯ ಹೆಸರು. ನನ್ನಂಥ ಹೊಂಬಾಳಮ್ಮಂದಿರು ಆಮೇಲೆ ಬಂದವರು. ವಯಸ್ಸಿನಲ್ಲಿ ನೀನು ಈಗ ನನ್ನ ಮಗಳಷ್ಟಿರಬಹುದು, ಆದರೂ ಅವ್ವ ಎಂದೇ ಕರೆಯುತ್ತೇನೆ. ನಿಮ್ಮ ಕಾಲದ ಗುರುತಿನ ಚೀಟಿಗಳೆಲ್ಲ ಒಂದೇ ಕಟ್ಟಡದೊಳಗಿದ್ದವಂತೆ, ಅದರೊಳಗೆ ನೀರು ನುಗ್ಗಿ ಎಲ್ಲವೂ ಹೋದವು. ಉಳಿದದ್ದು ಒಂದು ದನಿಮುದ್ರೆ, ನೀವು ರೆಕಾರ್ಡಿಂಗ್ ಅನ್ನುತ್ತಿದ್ದುದು. ಅದರ ಮೇಲೆ ಮದುವಣಗಿತ್ತಿ ಸುಚಿತ್ರ, ಅರಿಶಿನ ಹಚ್ಚುವ ಪದ, ಎಂದಿದೆ. ಮುಂದಿನ ಸಾಲಿನಲ್ಲಿ ಹಾಡಿದವಳ ಹೆಸರಿದೆ, ಊರಿದೆ, ತಾರೀಖಿದೆ. ನಿನ್ನ ಹೆಸರಿಲ್ಲ. ಆ ತಾರೀಖಿಗೆ ಎಂಟು ದಿನ ಮುಂಚೆ ಈ ಕಾಗದ ನಿನ್ನ ಕೈ ಸೇರಲಿ ಎಂದು ಬರೆಯುತ್ತಿದ್ದೇನೆ.

ಆ ದನಿಮುದ್ರೆಯನ್ನು ಇನ್ನೂರು ಸಲವಾದರೂ ಕೇಳಿದ್ದೇನೆ. ಮೊದಲಿಗೆ ನಾಯಿ ಬೊಗಳುತ್ತದೆ, ಯಾರೋ ತಂಬಿಗೆ ಬೀಳಿಸುತ್ತಾರೆ, ನೀವೆಲ್ಲ ಗೊಳ್ಳೆಂದು ನಗುತ್ತೀರಿ. ಆಮೇಲೆ ಹಾಡು ಹಿಡಿದಿಡಲು ಬಂದ ಆ ಹುಡುಗ, ಬಲು ಮರ್ಯಾದಸ್ಥ, ಮೆಲ್ಲಗೆ ಹೇಳುತ್ತಾನೆ, "ಹಿಂದಿರೋ ಅಮ್ಮಂದಿರು ಸ್ವಲ್ಪ ಸುಮ್ನಿರಿ, ಮುಂದಿರೋರ ದನಿ ಒಂದೇ ಸಾಕು." ಆಗ ಒಬ್ಬಳು ಅಂತಾಳೆ, "ಅಯ್ಯೋ, ನಾವು ಸೊಲ್ಲು ಕೊಡ್ದೆ ಅವ್ಳೆಂಗ್ ಹಾಡಾಳು ಸಾಮಿ? ಗೋಡೇನ ಕೇಳ್ದಂಗಾಯ್ತದೆ." ಅದು ನೀನೇ. ನನ್ನ ನಾಲಿಗೆ ಎಲ್ಲಿಂದ ಬಂತೆಂದು ಅವತ್ತು ತಿಳಿಯಿತು. ಅವನು, "ಆಮೇಲೆ ನಿಮ್ದೂ ತಗೋತೀನಿ ಅಮ್ಮ," ಅಂತಾನೆ. ನೀನು ಸುಮ್ಮನಾಗುತ್ತೀಯ. ಮುಂದಿನವಳು ಒಂದೊಂದೇ ಪ್ರಶ್ನೆ ಎತ್ತುತ್ತಾಳೆ. ಅರಿಶಿನ ಬಂದದ್ದು ಯಾವ ಹೊಲದಿಂದ, ಅರೆದ ಕೈ ಯಾರದ್ದು, ಈ ಹೆಣ್ಣ ಹೆತ್ತವಳ ಹೆಸರೇನವ್ವ. ಪ್ರತಿ ಪ್ರಶ್ನೆ ಮುಗಿದ ಮೇಲೆ ಹನ್ನೊಂದು ಎಣಿಸುವಷ್ಟು ಹೊತ್ತು ಏನೂ ಇಲ್ಲ. ಕೊನೆಯ ಪ್ರಶ್ನೆಯಾದ ಮೇಲೆ ಮಾತ್ರ ಗಾಜಿನ ಬಳೆ ಒಮ್ಮೆ ಘಲ್ಲೆನ್ನುತ್ತದೆ, ಯಾರೋ ಕೈ ಎತ್ತಿ ಬಾಯಿ ಮುಚ್ಚಿಕೊಂಡ ಹಾಗೆ. ಅಲ್ಲಿಗೆ ಮುಗಿಯಿತು. ಅವನು ಹೇಳಿದ ಆ "ಆಮೇಲೆ" ಬರಲೇ ಇಲ್ಲ.

ಅವನನ್ನು ಬೈಯುವುದಿಲ್ಲ. ಅವನಿಲ್ಲದಿದ್ದರೆ ಆ ಬಳೆಯ ಸದ್ದೂ ನನಗೆ ಸಿಗುತ್ತಿರಲಿಲ್ಲ. ಆಮೇಲಿನವರದ್ದೇ ದೊಡ್ಡ ತಪ್ಪು. ಮದುವೆ ಮನೆಗಳಲ್ಲಿ ಹೆಂಗಸರು ಹಾಡುವುದು ಬಿಟ್ಟು ಆ ದನಿಮುದ್ರೆಯನ್ನೇ ಹಾಕಿದರು. ಮಕ್ಕಳು ಅದನ್ನು ಕೇಳಿ ಕಲಿತರು, ಮೌನವನ್ನೂ ಸೇರಿಸಿಯೇ ಕಲಿತರು. ನಾನು ಶಾಲೆಗೆ ಹೋದ ಎರಡು ವರ್ಷವೂ ಮೇಷ್ಟ್ರು ನಮ್ಮನ್ನು ಸಾಲಾಗಿ ಕೂರಿಸಿ, ಪ್ರಶ್ನೆ ಹಾಡಿಸಿ, ಬೆರಳು ಮಡಿಸುತ್ತ ಹನ್ನೊಂದು ಎಣಿಸುತ್ತಿದ್ದರು. ನಡುವೆ ಕೆಮ್ಮಿದವರಿಗೆ ತಲೆ ಮೇಲೆ ಮೊಟಕು. ಈಗಂತೂ ದೊಡ್ಡ ದೊಡ್ಡವರು ಕೂತು, ಉತ್ತರವಿಲ್ಲದ ಪ್ರಶ್ನೆಯೇ ಬಿದರಹುಂಡಿಯ ಹೆಂಗಸರ ತತ್ವ ಎಂದು ಪುಸ್ತಕ ಬರೆದಿದ್ದಾರೆ. ಬಾಯಿಗೆ ಬಿಡುವು ಕೊಡದ ನಿಮಗೆ ಮೌನದ ತತ್ವವಂತೆ, ಅವ್ವ!

ಈಗ ನಾನಿರುವ ಜಾಗ ಉಸಿರುಮನೆ. ನೆಲದಡಿಯಲ್ಲಿ ನಾಲ್ಕು ಅಂತಸ್ತು ಇಳಿದರೆ ಸಿಗುವ ತಣ್ಣನೆಯ ದೊಡ್ಡ ಹಜಾರ. ಇಲ್ಲಿ ಯಂತ್ರ ಬಾಯಿ ಬಿಡುವಂತಿಲ್ಲ, ಹಾಡು ಎದುರು ಕೂತ ಮನುಷ್ಯರ ಉಸಿರಿನಿಂದಲೇ ಬರಬೇಕು. ಕಾವುಮಾಸ ಬಂತೆಂದರೆ ಲೋಕದ ಎಲ್ಲ ಕಡೆಯ ಮುದುಕ ಮುದುಕಿಯರು ತಮ್ಮ ತಮ್ಮ ಊರ ಹಾಡು ಹೊತ್ತು ಇಲ್ಲಿಗೆ ಬರುತ್ತಾರೆ. ಮಂಗೋಲಿಯಾದ ಒಬ್ಬಾಕೆ ಎಳೆದ ಒಂದು ದನಿ ಹಾಲು ಕಾದು ಉಕ್ಕುವ ತನಕ ನಿಲ್ಲುತ್ತದೆ. ಮಾಲಿ ದೇಶದವನು ಸೋರೆ ಬುರುಡೆಗೆ ತಂತಿ ಕಟ್ಟಿ ಅರಸುಮನೆತನಗಳ ಕಥೆ ಹಾಡುತ್ತಾನೆ. ನಿಮ್ಮ ಕಾಲದಲ್ಲಿ ಇಂಥವರು ಊರೂರಿಗೆ ಬಂದು ಎದುರೇ ಹಾಡುತ್ತಿದ್ದರಂತೆ, ನೀವು ಫೋನು ಎತ್ತಿ ಹಿಡಿದು ಮುಂದಿನ ಸಾಲಿನ ಮುಖಗಳನ್ನಷ್ಟೇ ತುಂಬಿಕೊಂಡಿರಂತೆ. ಅದಕ್ಕೇ ಇಲ್ಲಿ ಬಂದವರಲ್ಲಿ ಮುಕ್ಕಾಲು ಪಾಲು ಜನ ಅರ್ಧ ಹಾಡಿನವರು.

ಎರಡು ಗಂಟಲಿನ ಕಾಯಿದೆ ಅಂತ ಒಂದಿದೆ. ಕೂಡಿ ಹಾಡುವ ಹಾಡನ್ನು ಇಪ್ಪತ್ತು ವರ್ಷಕ್ಕೊಮ್ಮೆಯಾದರೂ ಬದುಕಿರುವ ಇಬ್ಬರು ಪೂರ್ತಿ ಹಾಡಿ ತೋರಿಸಬೇಕು. ಆಗದಿದ್ದರೆ ಅದು ತಣ್ಣನೆ ಕೋಣೆಗೆ ಹೋಗುತ್ತದೆ. ಆಮೇಲೆ ಅದನ್ನು ಯಂತ್ರ ಹಾಡಬಹುದು, ಮನುಷ್ಯರು ಜನರೆದುರು ಹಾಡುವಂತಿಲ್ಲ, ತಪ್ಪು ಹಾಡಿ ಕೆಡಿಸುತ್ತಾರಂತೆ. ಜಾರ್ಜಿಯಾದ ತಾಮಾಜ್ ಎಂಬ ಮುದುಕನ ಹಾಡು ನಿನ್ನೆ ಹೋಯಿತು. ಅವರದ್ದು ಮೂರು ದನಿಯ ಹಾಡು. ಮೇಲಿನ ದನಿಯ ಅಣ್ಣ ಸತ್ತ, ನಡುವಿನ ದನಿಯ ತಂಗಿಗೆ ಉಬ್ಬಸ, ಇವನ ಹತ್ತಿರ ಉಳಿದದ್ದು ಕೆಳಗಿನ ದನಿ ಮಾತ್ರ. ಅದನ್ನೊಂದೇ ಅವನು ಹಾಡಿದಾಗ ಮನೆ ಬಿದ್ದು ಜಗುಲಿ ಮಾತ್ರ ನಿಂತ ಹಾಗಿತ್ತು. ಅವನ ಕೈಗೆ ಒಂದು ಪತ್ರ, ಒಂದು ಹೂವಿನ ಕುಂಡ ಕೊಟ್ಟು ಕಳಿಸಿದರು. ಹೊರಗಿನ ಬೆಂಚಿನ ಮೇಲೆ ನನ್ನ ಪಕ್ಕ ಕೂತ. ನಾವೆಲ್ಲ ಹೊರಗೆ ಕೊರಳಿಗೆ ಮಾತುಪಟ್ಟಿ ಕಟ್ಟಿಕೊಳ್ಳುತ್ತೇವೆ, ಅದು ಬೇರೆ ಭಾಷೆಯನ್ನು ನಮ್ಮ ಭಾಷೆಗೆ ತಿರುಗಿಸುತ್ತದೆ, ಆದರೆ ಹಳೇ ನಾಟಕದ ರಾಜರ ಥರ. "ಎಲೈ ತಾಯೇ," ಎಂದಿತು ಅವನ ಪಟ್ಟಿ, "ನಿನ್ನ ಬಳಿ ಪ್ರಶ್ನೆಯಾದರೂ ಇರುವುದು." ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಕುಂಡದ ಗಿಡ ಆಗಲೇ ಬಾಡಿತ್ತು.

ನಾಳೆ ನಮ್ಮ ಸರದಿ. ಪ್ರಶ್ನೆ ಎತ್ತುವವಳು ನನ್ನ ಓರಗಿತ್ತಿ ಕೆಂಪಾಜಿ, ಉತ್ತರ ಕೊಡಬೇಕಾದವಳು ನಾನು. ಹಾಡಿದವರ ಹೆಸರು ಬರೆದುಕೊಳ್ಳುವ ಹುಡುಗಿ ವಿಭಾವರಿ ಕೆಟ್ಟವಳಲ್ಲ. "ಅಜ್ಜಿ, ಆ ಮೌನವೇ ಎಷ್ಟು ಚೆಂದ ಅಲ್ವಾ?" ಎಂದಳು. ಹಾಗಾದರೆ ನಾನು ಚೆಂದಾಗಿ ಸುಮ್ಮನೆ ಕೂರುತ್ತೇನೆ, ಎರಡನೇ ಗಂಟಲು ಅಂತ ಬರೆದುಕೋ ಎಂದೆ. "ಸುಮ್ನಿದ್ರೆ ಗಂಟಲು ಅಂತ ಬರೆಯಕ್ಕಾಗಲ್ಲ ಅಜ್ಜಿ," ಎಂದು ತಲೆ ತಗ್ಗಿಸಿದಳು. ಮೌನ ಚೆಂದವಂತೆ, ಆದರೆ ಎಣಿಕೆಗೆ ಬರುವುದಿಲ್ಲವಂತೆ.

ಕೆಂಪಾಜಿಗೆ ಇದು ದೊಡ್ಡ ವಿಷಯವೇ ಅಲ್ಲ. "ಯಾವ್ದಾದ್ರೂ ಒಂದ್ ಹೆಸ್ರು ಸೇರ್ಸಕ್ಕ. ಹೊನ್ನಮ್ಮ ಅನ್ನು, ಚೆನ್ನಮ್ಮ ಅನ್ನು. ನೂರೈವತ್ತು ವರ್ಸ ಆಯ್ತು, ಯಾರ್ ಬಂದು ನಾನಲ್ಲ ಅಂತಾರೆ?" ಎಂದಳು. ನಾನು ರೇಗಿದೆ. ನಾಳೆ ನಿನ್ನ ಮೊಮ್ಮಕ್ಕಳು ಕೆಂಪಾಜಿ ಬದಲು ಬೀದಿಯಲ್ಲಿ ಹೋಗುವವಳ ಹೆಸರು ಹೇಳಿ ಅಜ್ಜಿ ಎಂದರೆ ಆದೀತಾ ಎಂದು ಕೇಳಿದೆ. "ನನ್ ಮೊಮ್ಮಕ್ಳು ಈಗ್ಲೇ ನನ್ ಹೆಸ್ರು ಮರ್ತವೆ, ಸುಮ್ನಿರಕ್ಕ," ಎಂದು ಎದ್ದು ಹೋದಳು.

ಉತ್ತರದ ಧಾಟಿ ನನಗೆ ಗೊತ್ತು. ನಮ್ಮವ್ವ ಮುದ್ದೆ ಕಟ್ಟುವಾಗ ಹೂಂ ಹೂಂ ಎಂದು ಅದನ್ನೇ ಗುನುಗುತ್ತಿದ್ದಳು. ಮುದ್ದೆಯನ್ನು ನಾವು ಈಗಲೂ ಕೈಯಲ್ಲೇ ಕಟ್ಟುತ್ತೇವೆ, ಅಷ್ಟರಮಟ್ಟಿಗೆ ನೀನು ಸಮಾಧಾನ ಮಾಡಿಕೊ. ಆ ಜಾಗದಲ್ಲಿ ಹಿಂದಿನ ಸಾಲಿನವರು ಹೆತ್ತವಳ ಹೆಸರು, ಅವಳನ್ನು ಹೆತ್ತವಳ ಹೆಸರು, ಹೀಗೆ ಐದು ತಲೆಯ ತಾಯಂದಿರ ಹೆಸರು ಹೇಳುತ್ತಿದ್ದರಂತೆ. ನಮ್ಮವ್ವನಿಗೆ ಗೊತ್ತಿದ್ದದ್ದು ಅಷ್ಟೇ. ಧಾಟಿ ನನ್ನ ಗಂಟಲಲ್ಲಿದೆ, ನಮ್ಮವ್ವನಿಂದ ಸುಚಿತ್ರಳ ತನಕ ನಾಲ್ಕು ಹೆಸರೂ ಇವೆ, ಐದನೆಯವಳಾದ ನಿನ್ನ ಜಾಗದಲ್ಲಿ ಇಡಲು ಹೆಸರಿಲ್ಲ.

ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಎಂಬತ್ತು ತುಂಬಿದವರು ಜೀವಮಾನದಲ್ಲಿ ಒಂದೇ ಒಂದು ಕಾಗದವನ್ನು ಹಿಂದಿನ ಕಾಲಕ್ಕೆ ಹಾಕಬಹುದು. ಯಾವುದಾದರೂ ತಲುಪಿತೋ ಇಲ್ಲವೋ ಯಾರಿಗೂ ತಿಳಿಯದು. ಕೆಂಪಾಜಿ ತನ್ನದನ್ನು ಸೊಸೆಯ ಮುತ್ತಜ್ಜಿಗೆ ಬರೆದು, ನಿಮ್ಮ ಮನೆತನದವರಿಗೆ ಸ್ವಲ್ಪ ನಯ ವಿನಯ ಕಲಿಸಿ ಎಂದಿದ್ದಳು. ಮೂರು ವರ್ಷವಾಯಿತು, ಸೊಸೆ ಹಾಗೇ ಇದ್ದಾಳೆ. ಅದನ್ನು ನೋಡಿಯೂ ಬರೆಯುತ್ತಿದ್ದೇನೆ. ಬೇರೆ ಏನು ಮಾಡಲಿ ಹೇಳು. ನೀನು ಸುಮ್ಮನಾಗಿದ್ದನ್ನು ನಾನು ಇನ್ನೂರು ಸಲ ಕೇಳಿದ್ದೇನೆ. ಆಗಿಹೋದದ್ದಕ್ಕೆ ಅಡ್ಡ ನಿಲ್ಲಲು ನನಗೆ ಕಾಲೂ ಇಲ್ಲ, ಕೈಯೂ ಇಲ್ಲ, ಈ ನಾಲ್ಕು ಅಕ್ಷರ ಬಿಟ್ಟರೆ.

ಎಂಟು ದಿನದ ಮೇಲೆ ಆ ಹುಡುಗ ಬರುತ್ತಾನೆ. ಮಜ್ಜಿಗೆ ಕೊಡು, ಚಾಪೆ ಹಾಸು, ಏನೂ ಅನ್ನಬೇಡ. ಸುಮ್ಮನಿರಿ ಎಂದಾಗ ಹೂಂ ಅನ್ನು. ಹೊಲ ಯಾವುದೆಂದು ಕೇಳಿದಾಗ ಬೇಕಾದರೆ ತಡೆದುಕೋ, ಅರೆದ ಕೈ ಕೇಳಿದಾಗಲೂ ತಡೆದುಕೋ. ಅವೆರಡನ್ನು ಹೇಗೋ ಅಳೆದು ತೂಗಿ ಹೇಳುತ್ತೇನೆ, ವಿಭಾವರಿಯ ಕಾಲು ಹಿಡಿಯುತ್ತೇನೆ. ಕೊನೆಯ ಪ್ರಶ್ನೆಗೆ ಮಾತ್ರ ತಡೆಯಬೇಡ. ಪಕ್ಕದವಳು ಮೊಣಕೈಯಲ್ಲಿ ತಿವಿದರೂ, ಅವನು ಹಾಳಾಯಿತು ಎಂದು ತಲೆ ಚಚ್ಚಿಕೊಂಡರೂ ಹೇಳಿಬಿಡು. ರಾಗ ತಪ್ಪಿದರೂ ಚಿಂತೆಯಿಲ್ಲ, ರಾಗ ನನ್ನ ಹತ್ತಿರ ಇದೆ.

ನಾಳೆ ಬೆಳಗ್ಗೆ ತಲೆಗೆ ನೀರು ಹಾಕಿಕೊಂಡು, ಹಜಾರಕ್ಕೆ ಇಳಿಯುವ ಮುಂಚೆ, ಆ ದನಿಮುದ್ರೆಯನ್ನು ಇನ್ನೊಂದೇ ಒಂದು ಸಲ ಹಾಕುತ್ತೇನೆ. ನಾಯಿ ಬೊಗಳುತ್ತದೆ, ತಂಬಿಗೆ ಬೀಳುತ್ತದೆ, ನೀವು ನಗುತ್ತೀರಿ. ಕೊನೆಯ ಪ್ರಶ್ನೆಗೆ ನಾನು ಕಿವಿ ಹಚ್ಚಿ ಕೂತಿರುತ್ತೇನೆ.

ಬಾಯಿಂದ ಕೈ ತೆಗಿಯವ್ವ.

ನಿನ್ನ ಮಗಳ ಮೊಮ್ಮಗಳ ಮೊಮ್ಮಗಳು,
ಹೊಂಬಾಳಮ್ಮ