ಮುನ್ನೂರಕ್ಕೆ ಎರಡು ಲೆಕ್ಕ

ಲಾಡ್ಜಿನ ಮೂರನೇ ಮಹಡಿ, ಕಿಟಕಿ ಪಕ್ಕದ ಮಂಚ
ಗುರುವಾರ, ಬೆಳಿಗ್ಗೆ ಹತ್ತು ಗಂಟೆ

ಪ್ರೀತಿಯ ಇವಳೇ,

ಮೊದಲು ನಿನ್ನ ಮಂಡಿ ನೋವು ಹೇಗಿದೆ ಹೇಳು. ಎಣ್ಣೆ ಹಚ್ಚಿ ಬಿಸಿ ಬಟ್ಟೆ ಕಟ್ಟು ಅಂದಿದ್ದೆ, ನೀನು ಕಟ್ಟಿರಲ್ಲ, ನನಗೆ ಗೊತ್ತು. ಮಹಡಿ ಮೆಟ್ಟಿಲು ಹತ್ತಬೇಡ, ಟ್ಯಾಂಕಿನ ಮುಚ್ಚಳ ನಾನು ಬಂದು ನೋಡ್ತೀನಿ. ನಾನು ಗಟ್ಟಿಯಾಗಿದ್ದೀನಿ. ಹೊಟ್ಟೆ ಮಾತ್ರ ಇಲ್ಲಿಯ ಊಟದ ರೇಟು ಕೇಳಿ ಹೆದರಿ ಒಳಗೆ ಹೋಗಿದೆ, ಬಂದಾಗ ಯಾರೋ ಅಂದ್ಕೊಂಡು ಬಾಗಿಲು ಹಾಕಿಬಿಡಬೇಡ. ಫೋನ್ ಇರುವಾಗ ಈ ಮನುಷ್ಯ ಕಾಗದ ಯಾಕೆ ಬರೀತಾನೆ ಅಂತೀಯಾ? ಫೋನು ನಿನ್ನ ತಮ್ಮನದ್ದು, ಮಾತಾಡೋವಾಗ ಪಕ್ಕದಲ್ಲೇ ನಿಂತಿರ್ತಾನೆ. ನಾನು ಹೇಳಬೇಕಾಗಿರೋದು ಅವನ ವಿಷಯ. ಪಕ್ಕದ ರೂಮಿನ ಪ್ಲಂಬರ್ ಇವತ್ತು ಊರಿಗೆ ಹೊರಟಿದ್ದಾನೆ, ನಾಳೆ ನಿನ್ನ ಕೈಗೇ ಈ ಕಾಗದ ಕೊಡ್ತೀನಿ ಅಂದಿದ್ದಾನೆ. ಏನಾದರೂ ತಿನ್ನೋಕೆ ಕೊಟ್ಟು ಕಳಿಸು. ಹಾಗೇ ಲಕೋಟೆ ಅಂಟಿಸಿದ ಹಾಗೇ ಇದೆಯಾ ನೋಡ್ಕೋ. ಒಳ್ಳೆಯವನೇ, ಆದರೂ ಪ್ಲಂಬರು, ಎಲ್ಲಿ ಏನು ಬಿಚ್ಚುತ್ತಾನೋ ಹೇಳೋಕಾಗಲ್ಲ.

ಮೊದಲು ತಕ್ಕಡಿ ವಿಷಯ. ಅಂಗಡಿ ಮುಚ್ತಾ ಇರೋ ಆ ತಕ್ಕಡಿ ಮುದುಕನ ಹತ್ತಿರ ನಾನೂ ನಿನ್ನ ತಮ್ಮನೂ ಸೋಮವಾರವೇ ಹೋದೆವು. ಸಣ್ಣ ಓಣಿ, ಗಾಜಿನ ಬಾಗಿಲು, ಒಳಗೆ ಒಂದೇ ದೀಪ. ತಕ್ಕಡಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾನೆ. ನಾನು ಹತ್ತಿರ ಹೋಗಿ ಉಸಿರು ಬಿಟ್ಟಿದ್ದಕ್ಕೆ ಮುಳ್ಳು ಅಲ್ಲಾಡಿತು ಕಣೇ! ತೂಕದ ಬಟ್ಟುಗಳು ಹಿತ್ತಾಳೆಯವು, ಒಂದೊಂದಕ್ಕೂ ಮೆತ್ತನೆ ಬಟ್ಟೆ ಹಾಕಿದ ಕುಳಿ, ಎತ್ತೋಕೆ ಚಿಮಟ. ಕೂದಲೆಳೆಯಷ್ಟು ತೂಕದ್ದೂ ಇದೆ. ಇದು ಮನೆಗೆ ಬಂದರೆ ನಾನು ಈ ಬೆನ್ನು ಹಿಡ್ಕೊಂಡು ತಕ್ಕಡಿ ಸರಿಮಾಡೋಕೆ ಅಂಗಡಿ ಅಂಗಡಿ ಅಲೆಯೋದು ತಪ್ಪುತ್ತೆ. ಊರಿನ ತಕ್ಕಡಿಗಳೇ ನಮ್ಮ ಜಗಲಿಗೆ ಬಂದು ಸಾಲಲ್ಲಿ ನಿಂತ್ಕೋತವೆ. ಬೆಲೆ ಇಲ್ಲಿಯ ದುಡ್ಡಲ್ಲಿ ಆರುನೂರ ನಲವತ್ತು. ಒಂದು ಪೈಸೆ ಕಡಿಮೆ ಇಲ್ಲ, ನಗದೇ ಆಗಬೇಕು, ಶುಕ್ರವಾರ ಸಂಜೆಯೊಳಗೆ. ಶನಿವಾರ ಅವನು ಅಂಗಡಿ ಬೀಗದಕೈ ಮಾಲೀಕನಿಗೆ ಕೊಟ್ಟುಬಿಡ್ತಾನೆ, ಉಳಿದ ಸಾಮಾನೆಲ್ಲ ಗುಜರಿಗೆ. ನಿನ್ನ ಚೀಟಿ ಹಣ ಐವತ್ತೆಂಟು ಸಾವಿರದ ಐನೂರು ಕಾರ್ಡಲ್ಲಿತ್ತು. ಪೇಪರಿನಲ್ಲಿ ಬಂದ ರೇಟು ನೋಡಿ ಮನೆಯಲ್ಲೇ ಲೆಕ್ಕ ಹಾಕಿದ್ದೆವಲ್ಲ, ಆರುನೂರ ನಲವತ್ತಕ್ಕೆ ಸರಿಯಾಗಿ ಸಾಕಾಗಬೇಕಿತ್ತು. ಸಾಕಾಗಲಿಲ್ಲ.

ಆ ಕಾರ್ಡನ್ನು ನೀನು ಇಪ್ಪತ್ತೈದು ವರ್ಷ ಸಂಸಾರ ಮಾಡಿದ ಗಂಡನಿಗೆ ಕೊಡದೆ ತಮ್ಮನ ಜೇಬಿಗೆ ಹಾಕಿದೆ. ಇರಲಿ, ನಾನೇನು ಮನಸ್ಸಿಗೆ ಹಚ್ಚಿಕೊಂಡಿಲ್ಲ, ದಿನಕ್ಕೆ ಎರಡು ಸಲ ನೆನೆಸ್ಕೋತೀನಿ ಅಷ್ಟೆ. ಆದರೆ ನಿನಗೆ ಗೊತ್ತಿಲ್ಲದ ಒಂದು ವಿಷಯ ಹೇಳ್ತೀನಿ. ಭಾನುವಾರ ವಿಮಾನ ಇಳಿದಾಗ ಅವನ ಪೆಟ್ಟಿಗೆ ಬರಲಿಲ್ಲ, ವಿಚಾರಿಸೋಕೆ ಹೋಗೋವಾಗ ಕಾರ್ಡು ನನ್ನ ಕೈಗೆ ಕೊಟ್ಟು, ನಂಬರು ಕಿವಿಯಲ್ಲಿ ಹೇಳಿ, "ಕಾರಿನ ಬಾಡಿಗೆಗೆ ಒಂದು ಮೂವತ್ತು ತೆಗೀರಿ ಭಾವ, ಸದ್ಯಕ್ಕೆ ಸಾಕು, ನನ್ನ ದುಡ್ಡು ಪೆಟ್ಟಿಗೇಲಿದೆ" ಅಂದ. ಮೂವತ್ತಂತೆ! ನಾನೇನು ಚಿಲ್ಲರೆ ಗಿರಾಕಿಯಾ? ಬಾಗಿಲ ಹತ್ತಿರವೇ ಇದ್ದ ಮಿಷನ್ನಿಗೆ ಹಾಕಿ ಮುನ್ನೂರು ಒತ್ತಿದೆ. ಆಗ ಅದರ ಮುಖದ ಮೇಲೆ ನಮ್ಮ ದುಡ್ಡಿನ ಗುರುತು ಬಂತು ನೋಡು! ಪರದೇಶದಲ್ಲಿ ಸೋದರಮಾವ ಎದುರು ಸಿಕ್ಕ ಹಾಗಾಯಿತು. ನಿಮ್ಮ ದುಡ್ಡಿನಲ್ಲೇ ಲೆಕ್ಕ ಹಾಕಲಾ ಅಂತ ಕೇಳ್ತಾ ಇದೆ, ಒಂದು ಕಡೆ ಹಸಿರು, ಒಂದು ಕಡೆ ಕೆಂಪು. ಇಷ್ಟು ಮರ್ಯಾದೆಯಿಂದ ಕೇಳುವಾಗ ಬೇಡ ಅನ್ನೋಕಾಗುತ್ತಾ? ಹಸಿರು ಒತ್ತಿದೆ. ಗರಿಗರಿ ನೋಟು ಬಂತು. ನಿನ್ನ ತಮ್ಮ ವಾಪಸ್ ಬಂದು ಕಾರ್ಡು ತಗೊಂಡು, ರಸೀದಿ ನೋಡಿ, ಮಡಿಚಿ ಜೇಬಿಗೆ ಹಾಕಿಕೊಂಡ. ಪೆಟ್ಟಿಗೆ ಸಿಕ್ಕ ಮೇಲೆ ಬಾಡಿಗೆಯ ಮೂವತ್ತು ತನ್ನ ದುಡ್ಡಿನಿಂದ ತುಂಬಿಕೊಟ್ಟ. ಶಭಾಷ್ ಅಂತ ಒಂದು ಮಾತಿಲ್ಲ.

ಸೋಮವಾರ ನಾನು ಇಲ್ಲಿಯ ದುಡ್ಡು ಬದಲಾಯಿಸೋ ಅಂಗಡಿಯವರಿಗೆ ಸರಿಯಾಗಿ ಪಾಠ ಕಲಿಸಿದೆ, ಅದನ್ನು ಕೇಳು. ದೊಡ್ಡ ರಸ್ತೆಯಲ್ಲಿ ಗಾಜಿನ ಗೂಡಿನಂಥ ಅಂಗಡಿ, ಕಮಿಷನ್ ಸೊನ್ನೆ ಅಂತ ಬೋರ್ಡು, ಸೊನ್ನೆ ನನ್ನ ತಲೆಯಷ್ಟು ದಪ್ಪ. ಪುಕ್ಕಟೆ ಕೆಲಸ ಮಾಡೋಕೆ ಯಾರಾದರೂ ಅಷ್ಟು ಬಾಡಿಗೆ ಕೊಟ್ಟು ಕೂರ್ತಾರಾ? ತಕ್ಕಡಿ ಮೇಲೆ ಅನುಮಾನ ಬಂದರೆ ನಾನೇನು ಮಾಡ್ತೀನಿ? ಎಡ ತಟ್ಟೆಯದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕ್ತೀನಿ. ಇಲ್ಲೂ ಅದನ್ನೇ ಮಾಡಿದೆ. ನೂರು ರೂಪಾಯಿ ಬದಲಾಯಿಸಿ, ಬಂದದ್ದನ್ನು ನಿಂತ ಕಾಲಲ್ಲೇ ವಾಪಸ್ ಕೊಟ್ಟರೆ ಎಷ್ಟು ಕೊಡ್ತೀಯಮ್ಮಾ ಅಂತ ನಿನ್ನ ತಮ್ಮನ ಬಾಯಲ್ಲಿ ಕೇಳಿಸಿದೆ. ಒಳಗಿದ್ದ ಹುಡುಗಿ ಲೆಕ್ಕದ ಮಿಷನ್ ಒತ್ತಿ ತೋರಿಸಿದಳು, ಎಂಬತ್ತೊಂದು! "ಹತ್ತೊಂಬತ್ತು ಎಲ್ಲಿ ಹೋಯ್ತು ತಾಯಿ, ನಾನು ಇಲ್ಲೇ ನಿಂತಿದ್ದೀನಲ್ಲ?" ಅಂದೆ. ಅವಳು ನಕ್ಕು ಬೋರ್ಡು ತೋರಿಸಿದಳು. ನಿನ್ನ ತಮ್ಮ "ಸಾಕು ಬನ್ನಿ ಭಾವ, ಹಿಂದೆ ಜನ ನಿಂತಿದಾರೆ" ಅಂತ ತೋಳು ಹಿಡಿದು ಎಳೆದ. ಯಾಕೆ ಎಳೆದ? ಅಲ್ಲಿಂದಲೇ ನನಗೆ ಅನುಮಾನ ಶುರುವಾಗಿದ್ದು.

ಮಂಗಳವಾರ ಬೆಳಿಗ್ಗೆ ಎದ್ದರೆ ಮಂಚ ಖಾಲಿ. ಕಿಟಕಿಯಿಂದ ನೋಡಿದರೆ ಕೆಳಗೆ ರಸ್ತೆಯಲ್ಲಿ ಹೋಗ್ತಾ ಇದ್ದಾನೆ. ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಹೋದೆ. ದಾರಿಯಲ್ಲಿ ದುಡ್ಡಿನ ಮಿಷನ್ ಎಷ್ಟು ಬೇಕು? ದಿನಸಿ ಅಂಗಡಿ ಬಾಗಿಲಲ್ಲೊಂದು, ಲಾಂಡ್ರಿ ಗೋಡೆಯಲ್ಲೊಂದು, ಬಸ್ ಸ್ಟಾಪಿನಲ್ಲೊಂದು. ಒಂದೊಂದರ ಮುಂದೆಯೂ ನಿಂತು ಓದ್ತಾನೆ, ತಲೆ ಅಲ್ಲಾಡಿಸ್ತಾನೆ, ಮುಂದಕ್ಕೆ ಹೋಗ್ತಾನೆ. ಔಷಧಿ ಅಂಗಡಿ ಕೆಲಸ ಮಾಡಿ ಮಾಡಿ ಇವನಿಗೆ ಸೋಪಿನ ಕವರಿನ ಮೇಲಿನ ಸಣ್ಣಕ್ಷರ ಕೂಡ ಓದದಿದ್ದರೆ ಸ್ನಾನ ಇಳಿಯಲ್ಲ, ನಿನಗೂ ಗೊತ್ತು. ಅರ್ಧ ಗಂಟೆ ನಡೆದು ಒಂದು ದೊಡ್ಡ ಬ್ಯಾಂಕಿನೊಳಗೆ ಹೋದ. ನಾನು ಕಂಬದ ಹಿಂದೆ. ಅದೇ ಥರ ಮಿಷನ್, ಅದೇ ನಮ್ಮ ದುಡ್ಡಿನ ಗುರುತು, ಅದೇ ಪ್ರಶ್ನೆ. ಇವನು ಮೂಗು ತಗುಲಿಸಿ ಓದಿ ಕೆಂಪು ಒತ್ತಿದ! "ಯಾಕೋ ಮಾರಾಯ, ಅದಾಗಿ ಅದೇ ಉಪಕಾರ ಮಾಡ್ತೀನಿ ಅಂದರೆ ಬೇಡ ಅಂದೆಯಲ್ಲ?" ಅಂತ ಅಲ್ಲೇ ಹಿಡಿದೆ. ಗಾಬರಿಯಾಗಬೇಕಿತ್ತು ತಾನೆ? ಆಗಲಿಲ್ಲ. "ಅವರ ಲೆಕ್ಕ ಬೇಡ ಭಾವ, ನಮ್ಮ ಬ್ಯಾಂಕೇ ಹಾಕ್ಲಿ ಬಿಡಿ" ಅಂತ ಹೇಳಿ, ಮುನ್ನೂರು ಎಣಿಸಿ ನನ್ನ ಕೈಗೇ ಕೊಟ್ಟ. ಇಷ್ಟು ಸಲೀಸಾಗಿ ಉತ್ತರ ಕೊಡೋರನ್ನು ನಾನು ನಂಬಲ್ಲ. ಮೋಸದ ತಕ್ಕಡಿ ಇಟ್ಟವರೆಲ್ಲ ನನ್ನ ಹತ್ತಿರ ಸಲೀಸಾಗಿಯೇ ಮಾತಾಡಿರೋದು.

ನಿನ್ನೆ ಉಳಿದ ನಲವತ್ತು ತೆಗೆಯೋಕೆ ಹೋದರೆ ಕಾರ್ಡಲ್ಲಿ ದುಡ್ಡಿಲ್ಲ ಅಂತ ಬಂತು. ಸಂಜೆ ನಿನಗೆ ಫೋನ್ ಮಾಡಿದೆವು. ಬ್ಯಾಂಕಿನ ಮೆಸೇಜು ನೀನೇ ಓದಿದೆ, ಅದೇ ಮುನ್ನೂರಕ್ಕೆ ಒಂದು ಸಲ ಮೂವತ್ತು ಸಾವಿರದ ಏಳುನೂರು ಹೋಗಿದೆ, ಒಂದು ಸಲ ಇಪ್ಪತ್ತೇಳು ಸಾವಿರದ ನಾನೂರು. ಯಾವುದು ಯಾವ ದಿನದ್ದು ಅಂತ ನೀನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳೋದೇನಿದೆ, ಕೆಂಪು ಒತ್ತಿದ್ದನ್ನು ಕಣ್ಣಾರೆ ಕಂಡಿದ್ದೀನಲ್ಲ! ಕಾರ್ಡು ಅವನ ಹತ್ತಿರ ಇದೆ, ಎರಡು ಸಲವೂ ಅವನೇ ತೆಗೆದಿದ್ದಾನೆ ಅಂತ ನೀನು ಅವನಿಗೆ ಬೈದದ್ದು ಫೋನಿನಿಂದ ಆಚೆ ಕೇಳಿಸ್ತಿತ್ತು. "ನಿನ್ನ ನಂಬಿ ಕೊಟ್ಟೆ ನೋಡು, ನನಗೆ ಬುದ್ಧಿ ಇಲ್ಲ. ಇನ್ನು ನನ್ನ ಮನೆ ದುಡ್ಡು ಮುಟ್ಟಬೇಡ, ನನ್ನ ಮನೆ ಬಾಗಿಲಿಗೂ ಬರಬೇಡ" ಅಂದೆ. ಅವನು ಏನಂದ ಗೊತ್ತಲ್ಲ, "ತಪ್ಪಾಯ್ತು ಅಕ್ಕಾ" ಅಂದ. ತಪ್ಪು ಮಾಡದವನು ತಪ್ಪಾಯ್ತು ಅಂತಾನಾ? ಇನ್ನೂ ಕೇಳು. ಇವತ್ತು ಬೆಳಿಗ್ಗೆ ನಲವತ್ತು ತಂದು ಮೇಜಿನ ಮೇಲಿಟ್ಟ, "ಇದನ್ನು ಸೇರಿಸಿ ಭಾವ, ನಾಳೆ ತಕ್ಕಡಿ ತಗೊಳ್ಳೋಣ" ಅಂದ. ಎಲ್ಲಿಂದ ಬಂತೋ ಅಂದರೆ, ವಾಚಿಗೆ ಅಂತ ತಂದಿದ್ದ ಸ್ವಂತ ದುಡ್ಡಂತೆ, ಈಗ ವಾಚು ಬೇಡ ಅನ್ನಿಸಿತಂತೆ. ಸರಿಯಾಗಿ ಎಷ್ಟು ಕಡಿಮೆ ಬಿದ್ದಿತ್ತೋ ಅಷ್ಟೇ, ನಲವತ್ತೊಂದೂ ಇಲ್ಲ, ಮೂವತ್ತೊಂಬತ್ತೂ ಇಲ್ಲ. ನಾನು ತಗೊಂಡೆ. ಥ್ಯಾಂಕ್ಸ್ ಹೇಳಲಿಲ್ಲ. ನಮ್ಮ ದುಡ್ಡನ್ನೇ ನಮಗೆ ವಾಪಸ್ ಕೊಟ್ಟವನಿಗೆ ಥ್ಯಾಂಕ್ಸ್ ಯಾಕೆ?

ಅವನ ಬ್ಯಾಗಿನಲ್ಲಿ ಔಷಧಿ ಅಂಗಡಿಯ ಒಂದು ಕವರಿದೆ, ರಸೀದಿಯೆಲ್ಲ ಅದರಲ್ಲಿ ಜೋಪಾನ ಮಾಡಿದ್ದಾನೆ. ಅವನೀಗ ಪ್ಲಂಬರಿನ ಪೆಟ್ಟಿಗೆ ಕೆಳಗಿಳಿಸೋಕೆ ಹೋಗಿದ್ದಾನೆ. ಆ ಎರಡೂ ರಸೀದಿ ತೆಗೆದು ಈ ಕಾಗದದ ಜೊತೆಗೇ ಇಡ್ತೀನಿ, ನೀನೇ ನೋಡು. ಅತ್ತೆಗೆ ನಮಸ್ಕಾರ ಹೇಳು, ಮಗನ ಬಗ್ಗೆ ಏನೂ ಹೇಳಬೇಡ, ಪಾಪ. ಮಕ್ಕಳಿಗೆ ಆಶೀರ್ವಾದ. ಮಂಡಿಗೆ ಬಟ್ಟೆ ಕಟ್ಟು.

ಎಂದಿಗೂ ನಿನ್ನ,
ಇವರು

ಮತ್ತೆ: ರಸೀದಿ ತೆಗೆದೆ. ಎರಡನ್ನೂ ಮಂಚದ ಮೇಲಿಟ್ಟು ನೋಡಿದೆ. ಮೂವತ್ತು ಸಾವಿರದ ಏಳುನೂರು ಅಂತ ನಮ್ಮ ದುಡ್ಡಿನ ಗುರುತಿನ ಜೊತೆ ಅಚ್ಚಾಗಿರೋದು ವಿಮಾನದ ಚಿತ್ರ ಇರೋ ರಸೀದಿಯಲ್ಲಿ. ಭಾನುವಾರದ್ದು. ನಾನು ಹಸಿರು ಒತ್ತಿದ್ದು. ಅವನ ಕೆಂಪಿನದ್ದೇ ಕಡಿಮೆ ಬಿದ್ದಿರೋದು. ಕನ್ನಡಕ ಒರೆಸಿ ನೋಡಿದೆ, ಆಗಲೂ ಹಾಗೇ ಇದೆ. ಆ ಮಿಷನ್ ಕೇಳಿದ್ದು ಉಪಕಾರಕ್ಕಲ್ಲ, ಅದರ ದುಬಾರಿ ರೇಟಿಗೆ ನನ್ನ ಕೈಯಲ್ಲೇ ಒಪ್ಪಿಗೆ ತಗೊಂಡಿದೆ. ರಸೀದಿ ಹಿಂದೆ ನಿನ್ನ ತಮ್ಮ ಪೆನ್ಸಿಲಿನಲ್ಲಿ ಕಳೆಯೋ ಲೆಕ್ಕ ಹಾಕಿ, ಕೆಳಗೆ ನಲವತ್ತು ಅಂತ ಬರೆದು ಗೆರೆ ಎಳೆದಿದ್ದಾನೆ. ಭಾನುವಾರವೇ ಇದನ್ನು ಓದಿದ್ದನಲ್ಲ, ಅಂದರೆ ನೀನು ಬೈಯೋವಾಗ ಅವನಿಗೆ ಎಲ್ಲಾ ಗೊತ್ತಿತ್ತು. ಭಾವ ತೆಗೆದದ್ದು ಅಂತ ಒಂದು ಮಾತು ಅಂದಿದ್ದರೆ ಮುಗೀತಿತ್ತು, ನಾನು ಪಕ್ಕದಲ್ಲೇ ನಿಂತಿದ್ದೆ, ಅನ್ನಲಿಲ್ಲ. ಈ ಕಾಗದ ಹರಿದು ಬೇರೆ ಬರೆಯೋಕೆ ಹೊತ್ತಿಲ್ಲ, ಪ್ಲಂಬರ್ ಕೆಳಗಿನಿಂದ ಕೂಗ್ತಿದ್ದಾನೆ. ಮೇಲೆ ಬರೆದದ್ದನ್ನೂ ಓದು, ನಿನ್ನ ಗಂಡ ಎಂಥವನು ಅಂತ ಗೊತ್ತಾಗಲಿ. ಓದಿದ ತಕ್ಷಣ ಅವನಿಗೆ ಫೋನ್ ಮಾಡು. ಬಾಗಿಲಿಗೆ ಬರಬೇಡ ಅಂದಿದ್ದೀಯಲ್ಲ, ಮೊದಲು ಅದನ್ನು ವಾಪಸ್ ತಗೋ. ನಾನು ಈಗ ಕೆಳಗೆ ಹೋಗಿ, ಆ ನಲವತ್ತು ಅವನ ಕೈಗಿಟ್ಟು, ನನ್ನ ತಪ್ಪು ಅಂತ ಹೇಳ್ತೀನಿ. ತಕ್ಕಡಿ ಹೋದರೆ ಹೋಗಲಿ. ಹೇಳಿದೆನೋ ಇಲ್ಲವೋ ಅಂತ ನೀನು ಅವನನ್ನೇ ಕೇಳು. ನನ್ನನ್ನು ಕೇಳಬೇಡ, ಮೆಟ್ಟಿಲಿಳಿಯೋದರೊಳಗೆ ನಾನು ಏನಾದರೂ ನಗೆ ಮಾತಾಡಿ ತಪ್ಪಿಸಿಕೊಂಡಿರಬಹುದು.