ಕಾರ್ಖಾನೆಯ ‘ಕ್ಯಾರಿ ಆನ್’

ಅಕ್ಕಾ,

ಈ ಹೊಲಿಗೆ ಕಾರ್ಖಾನೆಯಲ್ಲಿ ನಾನು ಕಲಿತ ಮೊದಲ ಇಂಗ್ಲಿಷು ‘ಕ್ಯಾರಿ ಆನ್’. ಹೋದ ಕರೆಂಟು ಬಂದರೆ ಮೇಸ್ತ್ರಿ ಅದನ್ನೇ ಅನ್ನುತ್ತಿದ್ದ. ಟೀ ಕುಡಿದು ಲೋಟ ಕೆಳಗಿಟ್ಟರೂ ಅದನ್ನೇ. ಮೊನ್ನೆ ಒಬ್ಬಳ ಬೆರಳಿಗೆ ಸೂಜಿ ಹೊಕ್ಕು ನಾವೆಲ್ಲ ಎದ್ದು ನಿಂತಾಗ, ಅವಳನ್ನು ಮನೆಗೆ ಕಳಿಸಿ, ನಮ್ಮ ಕಡೆ ತಿರುಗಿ ಮತ್ತೆ ಅದನ್ನೇ ಅಂದ. ಹಾಗಂದರೇನೆಂದು ಗುಂಡಿ ಹೊಲಿಯುವ ನಮ್ಮ ಭಾಷೆಯವಳನ್ನು ಕೇಳಿದೆ.

“ನನ್ ಮುಖ ಏನ್ ನೋಡ್ತೀರಾ, ನಿಮ್ ಪಾಡಿಗೆ ಕೆಲ್ಸ ಮಾಡ್ಕೊಂಡ್ ಹೋಗಿ ಅಂತ ಕಣೇ.”

ಗಾಯವಾದವಳನ್ನು ತನ್ನನ್ನು ಕೇಳದೆ ಮನೆಗೆ ಕಳಿಸಿದ್ದಕ್ಕೆ ಇವತ್ತು ಮಾಲೀಕ ಮೇಸ್ತ್ರಿಯನ್ನು ಕೆಲಸದಿಂದ ತೆಗೆದ. ಅವನು ಕತ್ತರಿಯನ್ನು ಮೇಜಿನ ಮೇಲಿಟ್ಟು, ಊಟದ ಡಬ್ಬಿ ಹಿಡಿದು ಹೊರಟ. ಬಾಗಿಲಲ್ಲಿ ತಿರುಗಿ ನಿಂತು, ಅಭ್ಯಾಸಬಲದಿಂದಲೋ ಏನೋ, “ಕ್ಯಾರಿ ಆನ್” ಅಂದ. ಒಂದು ಮಿಷಿನ್ನೂ ಸದ್ದು ಮಾಡಲಿಲ್ಲ.

ನನ್ನ ಕೆಮ್ಮು ವಾಸಿಯಾಗಿದೆ, ಅಮ್ಮನಿಗೆ ಹೇಳು. ಕಾರ್ಡು ತುಂಬುತ್ತಾ ಬಂತು. ನಾಳೆಯಿಂದ ಮೇಸ್ತ್ರಿಯ ಕುರ್ಚಿಯಲ್ಲಿ ನಾನು ಕೂರಬೇಕಂತೆ, ಮಾಲೀಕನ ಅಪ್ಪಣೆ. ಬೆಳಿಗ್ಗೆ ಎಲ್ಲರೂ ನನ್ನ ಬಾಯನ್ನೇ ನೋಡುತ್ತಾ ಕೂತಿರುತ್ತಾರಲ್ಲ, ಏನನ್ನಲಿ ಅಕ್ಕಾ?

ನಿನ್ನ ತಂಗಿ