ಬಾಳಿಕೆ ಬರುವ ರ್ಯಾಚೆಟ್

ತಾ. 3, ಸೋಮವಾರ, ಸಂಜೆ

ಎಡಗೈ ಬರವಣಿಗೆ. ಕೋಳಿ ಕೆದರಿದಂತಿದೆ. ಇರಲಿ, ಓದುವವರು ಯಾರು.

ಬೆಳಿಗ್ಗೆ ಎಂದಿನಂತೆ ಲಾರಿಯ ಅಡಿಗೆ ನುಗ್ಗಿದೆ. ಹಿಂದೆ ಮುಂದೆ ಆಡಿಸಿದರೆ ಒಂದೇ ಕಡೆ ತಿರುಗುವ ರ್ಯಾಚೆಟ್ ಪಾನಾದಿಂದ ಗೇರ್‌ಬಾಕ್ಸ್ ಬೋಲ್ಟ್‌ಗಳನ್ನು ಬಿಗಿ ಮಾಡುತ್ತಿದ್ದೆ. ಏಳನೆಯದು. ಮೈಭಾರ ಬಿಟ್ಟು ಎಳೆದೆ. ರ್ಯಾಚೆಟ್ ತಲೆಯೊಳಗೆ ಕಡಕ್ ಎಂದಿತು... ಹಿಡಿತ ಜಾರಿ ಮುಷ್ಟಿ ಹೋಗಿ ಚಾಸಿಗೆ ಬಡಿಯಿತು. ಎರಡು ಬೆರಳಿನ ಗೆಣ್ಣು ಬಿರುಕು. ಹದಿನೈದು ದಿನ ಪಟ್ಟಿ ಬಿಚ್ಚುವ ಹಾಗಿಲ್ಲ ಎಂದರು ಡಾಕ್ಟರು.

ಹನ್ನೊಂದು ವರ್ಷದ ರ್ಯಾಚೆಟ್. ಒಂದು ದಿನ ಮುನಿದದ್ದಿಲ್ಲ.

ಹದಿನೈದನೇ ತಾರೀಖು ಮಾಲೀಕರು ಹೆಡ್ ಮೆಕ್ಯಾನಿಕ್ ಯಾರೆಂದು ಹೇಳುವವರು. ನಾನು, ಇಲ್ಲವೇ ಭಾವ. ಕೈ ಕಟ್ಟಿಕೊಂಡು ಕೂತವನನ್ನು ಯಾರು ಹೆಡ್ ಮಾಡುತ್ತಾರೆ.

ಪಕ್ಕದ ಬೇಯಲ್ಲಿ ಇನ್ನೊಂದು ಲಾರಿ ಬಿಚ್ಚುತ್ತಿದ್ದ ಭಾವ ಓಡಿ ಬಂದು ನೀರು ಕುಡಿಸಿದರು. ಅವರ ಮುಖ ನನಗಿಂತ ಬಿಳಿಚಿಕೊಂಡಿತ್ತು. ಪಾಪ.

ತಾ. 4, ಮಂಗಳವಾರ

ಪಾಪ ಎಂದು ಬರೆದ ಕೈಯನ್ನು ಸುಡಬೇಕು.

ಮನೆಯಲ್ಲಿ ಕೂತು ಬೇಜಾರು. ಎಡಗೈಯಲ್ಲೇ ರ್ಯಾಚೆಟ್ ತಲೆ ಬಿಚ್ಚಿದೆ. ನಮ್ಮಜ್ಜಿಯ ಕಥೆಗಳಲ್ಲಿ ರಾಕ್ಷಸನ ಪ್ರಾಣ ಎಲ್ಲೋ ಒಂದು ಗಿಣಿಯಲ್ಲಿ ಇರುತ್ತಿತ್ತು. ರ್ಯಾಚೆಟ್‌ದೂ ಹಾಗೆ. ಅಷ್ಟು ದೊಡ್ಡ ಹಿಡಿಕೆ, ಪ್ರಾಣ ಮಾತ್ರ ತಲೆಯೊಳಗೆ, ಚಕ್ರದ ಹಲ್ಲು ಕಚ್ಚಿ ಹಿಡಿಯುವ ಕಿರುಬೆರಳ ಉಗುರಿನಷ್ಟು ಲಾಕ್‌ನಲ್ಲಿ. ಲಾಕ್‌ನ ಮೂಲೆ ಮುರಿದಿದೆ. ಚಕ್ರದಲ್ಲಿ ಎರಡು ಹಲ್ಲು ಇಲ್ಲ.

ಹಿಡಿಕೆಯ ತುದಿಯಲ್ಲಿ ಸುತ್ತ ಗೀರು, ಬಳೆ ತೊಡಿಸಿದ ಹಾಗೆ. ಪೈಪ್ ತೂರಿಸಿದ ಗುರುತು. ತುಕ್ಕು ಹಿಡಿದ ಬೋಲ್ಟ್‌ಗೆ ಸಿಕ್ಕಿಸಿ, ಹಿಡಿಕೆಗೆ ಉದ್ದನೆ ಪೈಪ್ ಹಾಕಿ ಜಗ್ಗಿದ್ದಾರೆ. ರ್ಯಾಚೆಟ್‌ಗೆ ಪೈಪ್ ಹಾಕಬಾರದು. ಅದಕ್ಕೆ ಉದ್ದ ಸರಳೇ ಬೇರೆ ಇದೆ, ಗೋಡೆಗೆ ನೇತುಹಾಕಿದೆ. ತೆಗೆಯಲು ಹತ್ತು ಹೆಜ್ಜೆ ನಡೆಯಬೇಕು, ಅಷ್ಟೇ.

ಶನಿವಾರ ಅದನ್ನು ಎರವಲು ಒಯ್ದವರು ಒಬ್ಬರೇ. ಸಂಜೆ ಒರೆಸಿ, ಫಳಫಳ ಮಾಡಿ ತಂದುಕೊಟ್ಟರು. ಈ ಜನ್ಮದಲ್ಲಿ ಯಾರ ಸಾಮಾನನ್ನೂ ಒರೆಸಿ ಕೊಟ್ಟ ಆಸಾಮಿಯಲ್ಲ. ಆಗಲೇ ಮೂಗಿಗೆ ವಾಸನೆ ಬಡಿಯಬೇಕಿತ್ತು. ಮುರಿದದ್ದು ಗೊತ್ತಿತ್ತು. ಹೇಳಲಿಲ್ಲ.

ಹೆಂಡತಿಯ ಅಕ್ಕನ ಗಂಡ ಎಂಬ ಒಂದೇ ಕಾರಣಕ್ಕೆ ‘ಭಾವ, ಭಾವ’ ಎಂದು ಹಲ್ಲು ಗಿಂಜುತ್ತ ಬಂದೆ. ಇವತ್ತಿನಿಂದ ಈ ಪುಸ್ತಕದಲ್ಲಿ ಅವನಿಗೆ ಬಹುವಚನ ಬಂದ್.

ಅದೇ ಕೈ. ಅದೇ ಎರಡು ಬೆರಳು. ನೋಡ್ತಾ ಇರಲಿ.

ತಾ. 7, ಶುಕ್ರವಾರ

ಟೂಲ್ಸ್ ಅಂಗಡಿಗೆ ಹೋದೆ. ಅಲ್ಲಿಯ ಮುದುಕಪ್ಪ ಒಂದು ಕಾಲದ ಮೆಕ್ಯಾನಿಕ್, ಬಲಗೈ ತೋರುಬೆರಳು ಅರ್ಧವೇ. ರ್ಯಾಚೆಟ್ ಎಂದೆ. ಸೈಜು ಕೇಳಲಿಲ್ಲ, ಕಂಪನಿ ಕೇಳಲಿಲ್ಲ.

“ಎಷ್ಟು ದಿನಕ್ಕೆ ಬೇಕು?”

“ಒಂದು ಸಾಯೋವರೆಗೆ. ಇನ್ನೊಂದು ಒಂದು ದಿನಕ್ಕೆ.”

ಕನ್ನಡಕದ ಮೇಲಿಂದ ನೋಡಿದರು. ಒಂದು ದಿನದ್ದು ಯಾರಿಗೆ ಎಂದರು. ನೆಂಟರಿಗೆ ಎಂದೆ. “ಹಾಗಾದ್ರೆ ಸರಿ” ಎಂದು ಏಣಿ ಹತ್ತಿದರು. ನಗಲೂ ಇಲ್ಲ.

ಆರು ತೆಗೆದಿಟ್ಟರು. ಒಂದೊಂದನ್ನೇ ಕಿವಿಯ ಹತ್ತಿರ ತಿರುಗಿಸಿ ಕೇಳಿಸಿದರು. ಒಳ್ಳೆಯದರ ಸದ್ದು ಒಂದೇ ಸಮ, ಅಕ್ಕಿ ಕೇರಿದ ಹಾಗೆ. ಕೆಟ್ಟದ್ದು ನಡುವೆ ಎಲ್ಲೋ ಒಂದು ಕಡೆ ಸದ್ದು ನುಂಗಿಕೊಳ್ಳುತ್ತದೆ. ಹಲ್ಲು ಜಾಸ್ತಿ ಇದ್ದರೆ ಇಕ್ಕಟ್ಟಿನಲ್ಲಿ ಸಲೀಸು, ಆದರೆ ಹಲ್ಲೆಲ್ಲ ಸಣ್ಣ. ಹಲ್ಲು ಕಮ್ಮಿ ಇದ್ದರೆ ಕೈ ಆಡಿಸಲು ಜಾಗ ಬೇಕು, ಆದರೆ ಲಾರಿಯ ಭಾರ ತಡೆಯುವುದು ಆ ದಪ್ಪ ಹಲ್ಲೇ. ಕೊನೆಗೆ ತಲೆ ತೋರಿಸಿದರು. “ಸ್ಕ್ರೂ ಇದ್ರೆ ಬಿಚ್ಚಿ ಒಳಗಿಂದು ಬದಲಾಯಿಸಬಹುದು. ರಿವೆಟ್ ಹೊಡೆದು ಮುಚ್ಚಿದ್ರೆ ಮಾಡಿದವನಿಗೇ ಒಳಗಿಂದು ತೋರಿಸಕ್ಕೆ ನಾಚಿಕೆ ಅಂತ ತಿಳ್ಕೊ.”

ಎರಡು ತಂದೆ. ನನಗೆ ಒಂದು ಮಂಕು ಬಣ್ಣದ್ದು. ನೋಡಲು ಎಮ್ಮೆ. ದಪ್ಪ ಹಲ್ಲು, ತಲೆಗೆ ಸ್ಕ್ರೂ. ಅವನಿಗೆ ಮಿರಮಿರ ಮಿಂಚುವುದು. ಕೆಂಪು ರಬ್ಬರ್ ಹಿಡಿ, ಮದುಮಗನ ಹಾಗಿದೆ. ರಿವೆಟ್ ಹೊಡೆದದ್ದು. ಸದ್ದು ಎರಡು ಕಡೆ ನುಂಗುತ್ತದೆ.

ಹೇಗೂ ಹೆಡ್ ಆಗುವವನು ಅವನೇ. ತಮ್ಮನಂಥವನು ಉಡುಗೊರೆ ಕೊಟ್ಟರೆ ಬೇಡ ಎನ್ನುತ್ತಾನೆಯೇ.

ತಾ. 8, ಶನಿವಾರ

ಹೆಂಡತಿಗೆ ಎಲ್ಲ ಹೇಳಿದೆ. ಅಕ್ಕನ ಗಂಡ ಎಂದು ವಹಿಸಿಕೊಂಡಾಳು ಎಂದುಕೊಂಡಿದ್ದೆ. ಪೈಪ್‌ನ ಗುರುತಿನ ಮೇಲೆ ಬೆರಳಾಡಿಸಿದಳು. “ಕೇಳ್ಬಿಡಿ ಮುಖದ ಮೇಲೆ” ಎಂದಳು. ಕೇಳಿದರೆ ಕ್ಷಮಿಸು ಎನ್ನುತ್ತಾನೆ. ಆಮೇಲೆ ನಾನು ಕ್ಷಮಿಸಬೇಕಾಗುತ್ತದೆ. ಅದು ಯಾರಿಗೆ ಬೇಕು.

ತಾ. 19, ಬುಧವಾರ

ಪಟ್ಟಿ ಬಿಚ್ಚಿದರು. ಬೆರಳು ಒಣಗಿದ ಕಡ್ಡಿ. ಮುಷ್ಟಿ ಪೂರ್ತಿ ಮುಚ್ಚುವುದಿಲ್ಲ.

ಅವನು ಹೆಡ್ ಆಗಿ ನಾಲ್ಕು ದಿನ. ನಾಳೆ ಕೊಡುತ್ತೇನೆ. ನಮ್ಮ ಶೆಡ್ಡಿನಲ್ಲಿ ಒಂದು ರೂಢಿ ಇದೆ. ಟೂಲ್ ಉಡುಗೊರೆ ಕೊಟ್ಟವನೇ ಎಲ್ಲರೆದುರು ಅದರಿಂದ ಮೊದಲ ಬೋಲ್ಟ್ ಎಳೆಯಬೇಕು, ಆಮೇಲೆ ಕೈಗಿಡಬೇಕು. ನನಗೆ ಕೈಯ ನೆಪ ಇದೆ. ಅವನೇ ಎಳೆಯಲಿ. ಸಂಬಂಧಿಕರಲ್ಲವೇ, ಅಷ್ಟು ಮಾಡದಿದ್ದರೆ ಹೇಗೆ.

ತಾ. 20, ಗುರುವಾರ, ಮಧ್ಯಾಹ್ನ ಒಂದೂಕಾಲು

ಲಾರಿ ಕ್ಯಾಬಿನ್‌ನಲ್ಲಿ ಕೂತಿದ್ದೇನೆ.

ಉಡುಗೊರೆ ಎಂದು ಬೆಳಿಗ್ಗೆ ಎಲ್ಲರಿಗೂ ಸಾರಿದೆ. ಡಬ್ಬಿ ತೆರೆಯಲಿಲ್ಲ. ಎರಡು ಗಂಟೆಗೆ, ಮಾಲೀಕರು ಬಂದ ಮೇಲೆ ತೆರೆಯೋಣ ಎಂದರು ಶೆಡ್ಡಿನವರು. ವೆಲ್ಡರು ರೂಢಿ ನೆನಪಿಸಿದ. ನಾನು ನೆಪ ಹೇಳುವ ಮೊದಲೇ ಹೊಸ ಹೆಡ್ಡೇ ಬಾಯಿ ಹಾಕಿದ.

“ಅವನ ಕೈ ಇನ್ನೂ ಹಸಿ ಕಣ್ರೋ. ನಾನೇ ಎಳೀತೀನಿ ಬಿಡಿ.”

ಬೇಡಿದ್ದೂ ಅದೇ, ಬಡಿಸಿದ್ದೂ ಅದೇ. ಕುಣಿಯಬೇಕಿತ್ತು. ಆದರೆ ಇಲ್ಲಿ ಕೂತು ಲೆಕ್ಕ ಹಾಕುತ್ತಿದ್ದೇನೆ. ಅವನ ಕೈ ಮುರಿಯಿತು ಅಂತಿಟ್ಟುಕೊ. ಹದಿನೈದು ದಿನ ಪಟ್ಟಿ. ಎಲ್ಲರೂ ಅಯ್ಯೋ ಎನ್ನುತ್ತಾರೆ. ಅವನ ಹೆಂಡತಿ ತುತ್ತು ಮಾಡಿ ತಿನ್ನಿಸುತ್ತಾಳೆ. ಅವನಿಗೂ ಸಮಾಧಾನ, ಸರಿಗೆ ಸರಿ ಆಯಿತು ಎಂದು. ಹದಿನಾರನೇ ದಿನ ಮೀಸೆ ತಿರುವಿಕೊಂಡು ಬರುತ್ತಾನೆ.

ಮುದುಕಪ್ಪ ಕೇಳಿದ್ದು ಸರಿಯಾಗಿತ್ತು. ಎಷ್ಟು ದಿನಕ್ಕೆ ಬೇಕು?

ಹದಿನೈದು ದಿನದ್ದು ನನಗೆ ಸಾಲದು.

ಸಾಯೋವರೆಗೆ ಬಾಳುವ ಇನ್ನೊಂದು ನನ್ನ ಬ್ಯಾಗಿನಲ್ಲೇ ಇದೆ. ಡಬ್ಬಿ ಬದಲಾಯಿಸಿದೆ.

ಅದೇ ದಿನ, ಸಂಜೆ

ನಾನೇ ಎಳೆಯುತ್ತೇನೆ ಎಂದೆ. ಬೇಡ ಬೇಡ ಎಂದರೂ ಬಿಡಲಿಲ್ಲ. ಆ ಮಂಕು ಬಣ್ಣದ ಎಮ್ಮೆಯನ್ನು ಹಿಡಿದೆ. ಬೆರಳು ಮುಚ್ಚಲಿಲ್ಲ, ಅಂಗೈಯಲ್ಲೇ ಒತ್ತಿ ಎಳೆದೆ. ಕಣ್ಣಲ್ಲಿ ನೀರು ಬಂತು. ಬೋಲ್ಟ್ ಬಿಗಿಯಾಗಿ ಕೂತಿತು. ರ್ಯಾಚೆಟ್ ಕೂದಲೆಳೆಯಷ್ಟೂ ಜಾರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನ ಕೈಗಿಟ್ಟೆ.

“ಭಾವ, ಇದಕ್ಕೆ ಪೈಪ್ ಹಾಕ್ಬೇಡಿ. ಒಳಗೆ ಹಲ್ಲು ಮುರಿದ್ರೆ ಹೊರಗೆ ಕಾಣ್ಸಲ್ಲ.”

ಮಿಕ್ಕವರು ಬುದ್ಧಿಮಾತು ಎಂದು ತಲೆಯಾಡಿಸಿದರು. ಅವನ ಕೈ ಮಾತ್ರ ರ್ಯಾಚೆಟ್ ಸಮೇತ ಗಾಳಿಯಲ್ಲೇ ನಿಂತಿತು. ಆಹಾ. ಹಾಲು ಕುಡಿದಷ್ಟು ಸಂತೋಷ.

ಮುದುಕಪ್ಪನ ಮಾತು ಸುಳ್ಳಾಗದಿದ್ದರೆ ಇಪ್ಪತ್ತು ವರ್ಷ ಬಾಳುತ್ತದೆ. ಒಳಗಿಂದು ಸವೆದರೆ ನಾನೇ ತಂದು ಹಾಕಿಸಿಕೊಡುತ್ತೇನೆ.

ತಾ. 24, ಸೋಮವಾರ

ಎರಡು ದಿನ ಬರೀ ಸ್ಪ್ಯಾನರ್‌ನಲ್ಲಿ ಒದ್ದಾಡಿದ. ಹೆಡ್‌ಗೆ ಕೊಟ್ಟ ರ್ಯಾಚೆಟ್ ಎಲ್ಲಿ ಎಂದು ಮಾಲೀಕರೇ ಕೇಳಿದರು. ಇವತ್ತು ಹೊರತೆಗೆದ. ಪ್ರತಿ ಸಲ ಎತ್ತಿಕೊಳ್ಳುವಾಗ ನನ್ನ ಬೇ ಕಡೆ ಒಂದು ನೋಟ. ಎಣಿಸಿದೆ, ಮೂವತ್ತೊಂದು ಸಲ.

ಅನ್ನ ಸೇರುತ್ತಿಲ್ಲವಂತೆ. ಹೆಂಡತಿಗೆ ಅವಳ ಅಕ್ಕ ಫೋನ್ ಮಾಡಿ ಹೇಳಿದ್ದಾಳೆ.

ನನಗುಳಿದದ್ದು ಕೆಂಪು ಹಿಡಿಯ ಆ ಮದುಮಗ. ಒಂದೊಂದು ಬೋಲ್ಟ್‌ಗೂ ಕಿವಿಗೊಟ್ಟು, ಉಸಿರು ಹಿಡಿದು, ಮೊಟ್ಟೆ ಮೇಲೆ ನಡೆದ ಹಾಗೆ ಎಳೆಯುತ್ತಿದ್ದೇನೆ. ಹೆಂಡತಿ ಹೊಟ್ಟೆ ಹಿಡಿದು ನಕ್ಕಳು.

“ಒಳ್ಳೇದು ಅವ್ರಿಗೆ ಕೊಟ್ಟು ಕೆಟ್ಟದ್ದು ನೀವಿಟ್ಕೊಂಡ್ರಾ? ಇದ್ಯಾವ ಸೀಮೆ ಸೇಡು ರೀ?”

ಅವಳಿಗೆ ಗೊತ್ತಾಗಲ್ಲ.

ತಾ. 30, ಭಾನುವಾರ, ಬೆಳಿಗ್ಗೆ ಹತ್ತು

ಬಾಗಿಲಲ್ಲಿದ್ದಾನೆ. ಕಿಟಕಿಯಿಂದ ನೋಡಿದೆ. ಕೈಯಲ್ಲಿ ಅದೇ ಡಬ್ಬಿ. ಗಡ್ಡ ಬಿಟ್ಟಿದ್ದಾನೆ.

ಹೆಂಡತಿ ಬಾಗಿಲು ತೆರೆಯದೆ ಅಡುಗೆಮನೆ ಸೇರಿದಳು. ನಿಮ್ಮ ನೆಂಟರು, ನೀವೇ ನೋಡಿಕೊಳ್ಳಿ ಎಂದು. ಇಷ್ಟು ದಿನ ಅವಳ ನೆಂಟರಾಗಿದ್ದರು.

ಆಚೆಯಿಂದಲೇ ಬಾಗಿಲು ಬಡಿಯುತ್ತ ಮಾತಾಡುತ್ತಿದ್ದಾನೆ. “ಇದನ್ನ ವಾಪಸ್ ತಗೋಳೋ. ಕೈಯಲ್ಲಿ ಹಿಡ್ಯಕ್ಕಾಗ್ತಿಲ್ಲ ನಂಗೆ. ಶನಿವಾರದ ವಿಷ್ಯ... ನಿಂಗೆ ಗೊತ್ತು ಅಂತ ಗೊತ್ತು. ಹೇಳ್ಬಿಡ್ತೀನಿ, ಬಾಗಿಲು ತೆಗಿ.”

ತೆಗೆಯುವುದಿಲ್ಲ. ಹೇಳಿದರೆ ಹಗುರಾಗುತ್ತಾನೆ. ಹತ್ತೇ ದಿನಕ್ಕೆ ಮುಗಿಸಲಿಕ್ಕೆ ಅಷ್ಟು ಒಳ್ಳೆ ರ್ಯಾಚೆಟ್ ಯಾಕೆ ಕೊಡಬೇಕಿತ್ತು.

ಬಡಿಯುವುದು ನಿಂತಿದೆ. ಹೋಗಿಲ್ಲ. ಮೆಟ್ಟಿಲ ಮೇಲೆ ಕೂತು ರ್ಯಾಚೆಟ್ ತಿರುಗಿಸುತ್ತಿದ್ದಾನೆ, ಸುಮ್ಮನೆ, ಗಾಳಿಯಲ್ಲಿ. ಇಲ್ಲಿಗೆ ಕೇಳಿಸುತ್ತಿದೆ. ಒಂದೇ ಸಮ. ಅಕ್ಕಿ ಕೇರಿದ ಹಾಗೆ. ಎಲ್ಲೂ ನುಂಗುತ್ತಿಲ್ಲ. ಎಂಥ ಸದ್ದು, ಥೂ ಇವನ, ಎಂಥ ಒಳ್ಳೆ ಸದ್ದು. ಇಪ್ಪತ್ತು ವರ್ಷ ಇದನ್ನು ಪಕ್ಕದ ಬೇಯಿಂದ ನಾನೂ ಕೇಳಬೇಕು, ಕೈಯಲ್ಲಿ ಈ ದರಿದ್ರ ಮದುಮಗನನ್ನು ಹಿಡಿದು—

ತಡಿ, ಭಾವ ಎದ್ದರು. ಮೆಟ್ಟಿಲು ಇಳಿಯುತ್ತಿದ್ದಾರೆ. ಈ ಪೆನ್ನು ಇಟ್ಟು ಬಾಗಿಲು—